ಘಟ್ಟ ಹತ್ತುವ ಗಾಡಿಗೆ ಫ್ಯಾನ್ ಸ್ವಿಚ್: ಆರಿಸುವುದು, ಅಳವಡಿಸುವುದು, ನೋಡಿಕೊಳ್ಳುವುದು

ಕಾಫಿ ಕೊಯ್ಲು ಶುರುವಾಗಿ ಗಾಡಿಗಳ ಓಡಾಟ ಹೆಚ್ಚಿದ ಕೂಡಲೇ ಒಂದೇ ಪ್ರಶ್ನೆ ಹತ್ತು ಊರುಗಳಿಂದ ಬರುತ್ತದೆ: 'ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಬಿಸಿಯ ಮುಳ್ಳು ಮೇಲೇರುತ್ತದೆ, ರೇಡಿಯೇಟರ್ ತಣಿಸುವ ಫ್ಯಾನ್ ಮಾತ್ರ ತಿರುಗುವುದಿಲ್ಲ. ಗ್ಯಾರೇಜಿನಲ್ಲಿ ಡೈರೆಕ್ಟ್ ಮಾಡಿಕೊಟ್ಟಿದ್ದಾರೆ, ಸಾಕೇ?'

ಸಾಲದು. 'ಡೈರೆಕ್ಟ್' ಎಂದರೆ ಕೀ ತಿರುಗಿಸಿದ ಕ್ಷಣದಿಂದ ಆರಿಸುವವರೆಗೆ ಫ್ಯಾನ್ ತಿರುಗುತ್ತಲೇ ಇರುವಂತೆ ವೈರ್ ಜೋಡಿಸುವುದು. ಅಂದಿನ ಮಟ್ಟಿಗೆ ಮನೆ ಸೇರಲು ಅದು ಒಳ್ಳೆಯ ಉಪಾಯವೇ. ಆದರೆ ಅದನ್ನೇ ದುರಸ್ತಿ ಎಂದುಕೊಂಡು ಎರಡು ವರ್ಷ ಓಡಿಸಿದರೆ ಫ್ಯಾನಿನ ಮೋಟಾರ್ ಸವೆಯುತ್ತದೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸುಮ್ಮನೆ ದುಡಿಯುತ್ತದೆ. ಜೊತೆಗೆ ಥರ್ಮೋಸ್ಟಾಟನ್ನೂ (ಎಂಜಿನ್ ಕಾವೇರುವವರೆಗೆ ನೀರನ್ನು ತಡೆದಿಡುವ ವಾಲ್ವ್) ಕಿತ್ತು ಬಿಸಾಡಿಸಿದ್ದರೆ ಡಿಸೆಂಬರಿನ ಮುಂಜಾನೆಗಳಲ್ಲಿ ಎಂಜಿನ್ ಕಾವು ಹಿಡಿಯುವುದೇ ಇಲ್ಲ. ಪೆಟ್ರೋಲ್ ಮಾತ್ರ ಕುಡಿಯುತ್ತದೆ. ಇಷ್ಟಕ್ಕೂ ಕೆಟ್ಟಿರುವುದು ಹೆಚ್ಚಿನ ವೇಳೆ ನೀರಿನ ಬಿಸಿ ನೋಡಿ ಫ್ಯಾನನ್ನು ತಾನೇ ಹಾಕಿ ಆರಿಸುವ, ಹೆಬ್ಬೆರಳಿನ ಗಾತ್ರದ ಒಂದು ಹಿತ್ತಾಳೆಯ ಸ್ವಿಚ್.

ಯಾವ ಗಾಡಿಗೆ, ಯಾವುದಕ್ಕೆ ಅಲ್ಲ

ಇಲ್ಲಿ ಹೇಳುವುದು ಹಳೆಯ ಕಾರ್ಬ್ಯುರೇಟರ್ ಮಾರುತಿ 800, ಓಮ್ನಿ ಮುಂತಾದ ಕಾರುಗಳಿಗೆ, ಹಾಗೂ ಬೆಲ್ಟ್ ಫ್ಯಾನ್ ತೆಗೆದು ವಿದ್ಯುತ್ ಫ್ಯಾನ್ ಹಾಕಿಸಿಕೊಂಡ ಜೀಪುಗಳಿಗೆ. ಬೆಲ್ಟ್ ಫ್ಯಾನ್ ಚೆನ್ನಾಗಿ ಕೆಲಸ ಮಾಡುತ್ತಿರುವ ಜೀಪಿಗೆ ಸುಮ್ಮನೆ ವಿದ್ಯುತ್ ಫ್ಯಾನ್ ಹಾಕಿಸಬೇಡಿ ಎಂಬುದು ನನ್ನ ಸಲಹೆ. ಬೆಲ್ಟ್ ಕಣ್ಣಿಗೆ ಕಾಣುತ್ತದೆ, ವೈರಿನ ದೋಷ ಕಾಣುವುದಿಲ್ಲ.

ಈಚಿನ ಕಾರುಗಳಲ್ಲಿ ಫ್ಯಾನನ್ನು ನಡೆಸುವುದು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು. ಅಲ್ಲಿ ಇರುವುದು ಸ್ವಿಚ್ ಅಲ್ಲ, ಸೆನ್ಸರ್. ಎರಡೂ ನೋಡಲು ಅಣ್ಣತಮ್ಮಂದಿರಂತಿವೆ, ಕೆಲಸ ಬೇರೆ. ಸ್ವಿಚ್ಚಿಗೆ ಗೊತ್ತಿರುವುದು ಎರಡೇ ಮಾತು: ಹಾಕು, ಆರಿಸು. ಸೆನ್ಸರ್ ಬಿಸಿಗೆ ತಕ್ಕಂತೆ ತನ್ನ ವಿದ್ಯುತ್ ಪ್ರತಿರೋಧವನ್ನು ಬದಲಿಸುತ್ತಾ ಹೋಗುತ್ತದೆ, ಅದನ್ನು ಓದಿ ಇಸಿಯು ತೀರ್ಮಾನ ಮಾಡುತ್ತದೆ. ನಿಮ್ಮ ಕಾರು ಈ ಬಗೆಯದಾದರೆ ವೈರ್ ಕತ್ತರಿಸುವ ಗೋಜಿಗೆ ಹೋಗದೆ, ಸ್ಕ್ಯಾನರ್ ಇರುವ ಗ್ಯಾರೇಜಿಗೆ ಒಯ್ಯಿರಿ.

ಸ್ವಿಚ್ಚಿನ ಒಳಗೇನಿದೆ

ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಒಂದಕ್ಕೊಂದು ಬೆಸೆದ ತೆಳುವಾದ ಬಿಲ್ಲೆಯಿದೆ. ನಿಗದಿತ ಬಿಸಿಗೆ ಅದು ಚಕ್ಕನೆ ಬಾಗಿ ಸಂಪರ್ಕ ಕೂಡಿಸುತ್ತದೆ, ತಣಿದಾಗ ಮರಳಿ ಬಿಡಿಸುತ್ತದೆ. ಷಟ್ಕೋನದ ತಲೆಯ ಮೇಲೆ 95–90 ಎಂದು ಕೊರೆದಿದ್ದರೆ 95 ಡಿಗ್ರಿ ಸೆಲ್ಸಿಯಸ್‌ಗೆ ಫ್ಯಾನ್ ಶುರು, 90ಕ್ಕೆ ನಿಲುಗಡೆ. ನಡುವಿನ ಐದು ಡಿಗ್ರಿ ಇಲ್ಲದಿದ್ದರೆ ಫ್ಯಾನ್ ನಿಮಿಷಕ್ಕೆ ಹತ್ತು ಸಲ ಹತ್ತಿ ಆರುತ್ತಿತ್ತು.

ಒಂದು ಟರ್ಮಿನಲ್ (ವೈರ್ ಸಿಕ್ಕಿಸುವ ತುದಿ) ಇರುವ ಸ್ವಿಚ್ ತನ್ನ ಮೈಯ ಮೂಲಕವೇ ಅರ್ತ್, ಅಂದರೆ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ, ಪಡೆಯುತ್ತದೆ. ಎರಡು ಟರ್ಮಿನಲ್ ಇರುವುದಕ್ಕೆ ಅರ್ತ್ ವೈರ್ ನಾವೇ ಕೊಡಬೇಕು. ಮೂರಿದ್ದರೆ ಅದು ಎರಡು ವೇಗದ ಫ್ಯಾನಿಗೆ, ಅದನ್ನು ಇಲ್ಲಿ ಬಿಟ್ಟುಬಿಡೋಣ. ಕೊಡಗಿನ ಮಳೆಗೆ ನನ್ನ ಆಯ್ಕೆ ಎರಡು ಟರ್ಮಿನಲ್ಲಿನದು. ಕಾರಣ ಮುಂದೆ ಗೊತ್ತಾಗುತ್ತದೆ.

ಸಂಖ್ಯೆಯ ಲೆಕ್ಕ

ಹೆಚ್ಚು ಮಂದಿ ಎಡವುವುದು ಇಲ್ಲೇ. ಕಾರಿನಲ್ಲಿ ಕಂಪನಿ ಹಾಕಿದ ಸ್ವಿಚ್ ಇದ್ದರೆ ಅದೇ ಸಂಖ್ಯೆಯದನ್ನು ತನ್ನಿ, ಲೆಕ್ಕ ಮುಗಿಯಿತು. ಹೊಸದಾಗಿ ಹಾಕುವವರು ಮಾತ್ರ ಎರಡು ವಿಷಯ ನೋಡಬೇಕು.

ಮೊದಲನೆಯದು ಥರ್ಮೋಸ್ಟಾಟ್. ಎಂಜಿನ್ ಕಾವೇರುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್ ಅದು. ಅದರ ಮೇಲೆ 82 ಎಂದೋ 88 ಎಂದೋ ಒತ್ತಿರುತ್ತಾರೆ; ಅದು ವಾಲ್ವ್ ತೆರೆಯತೊಡಗುವ ಬಿಸಿ. ಎಂಜಿನ್ನಿನಿಂದ ನೀರು ಹೊರಬರುವ ಕಡೆ ಸ್ವಿಚ್ ಹಾಕುವುದಾದರೆ ಅದರ ಆರುವ ಸಂಖ್ಯೆ ಥರ್ಮೋಸ್ಟಾಟಿನ ಸಂಖ್ಯೆಗಿಂತ ಮೇಲಿರಲೇಬೇಕು. 88ರ ಥರ್ಮೋಸ್ಟಾಟ್ ಇರುವ ಗಾಡಿಗೆ 90–85ರ ಸ್ವಿಚ್ ಹಾಕಿದರೆ ನೀರು 85ಕ್ಕೆ ಇಳಿಯುವುದೇ ಇಲ್ಲ, ಫ್ಯಾನ್ ಒಮ್ಮೆ ಹತ್ತಿದರೆ ಆರುವುದೂ ಇಲ್ಲ. ದುಡ್ಡು ಕೊಟ್ಟು ಮತ್ತೆ 'ಡೈರೆಕ್ಟ್' ಮಾಡಿಸಿಕೊಂಡಂತಾಯಿತು. 'ನಮ್ಮ ಕಡೆ ತಂಪು, ಆದ್ದರಿಂದ ಕಡಿಮೆ ಸಂಖ್ಯೆ ಸಾಕು' ಎನ್ನುವವರು ಬೀಳುವ ಹೊಂಡ ಇದೇ. ಎಂಜಿನ್ನಿಗೆ ಬೇಕಾದ ಕಾವು ಮಡಿಕೇರಿಯಲ್ಲೂ ಮಂಗಳೂರಿನಲ್ಲೂ ಒಂದೇ.

ಎರಡನೆಯದು ಜಾಗ. ರೇಡಿಯೇಟರಿನಿಂದ ತಣಿದ ನೀರು ಎಂಜಿನ್ನಿಗೆ ಮರಳುವ ಕಡೆ, ಅಂದರೆ ಕೆಳ ಟ್ಯಾಂಕಿನಲ್ಲಿ ಹಾಕುವ ಸ್ವಿಚ್ ನೋಡುವುದು ಹಲವು ಡಿಗ್ರಿ ಇಳಿದ ನೀರನ್ನು. ಅಲ್ಲಿಗೆ 88–83ರ ಆಸುಪಾಸಿನದು ಬೇಕು. ಬಿಸಿ ಕಡೆಯ 95ರ ಸ್ವಿಚ್ಚನ್ನು ಅಲ್ಲಿ ಕೂರಿಸಿದರೆ ಅದು ಎಚ್ಚರವಾಗುವಷ್ಟರಲ್ಲಿ ಎಂಜಿನ್ ಕುದಿಯುತ್ತಿರುತ್ತದೆ.

ಇನ್ನೊಂದು ಲೆಕ್ಕ ಬೆಟ್ಟದ ಊರಿನವರಿಗೇ ಮೀಸಲು. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಮೇಲೇರಿದಂತೆ ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಬೇಗ ಕುದಿಯುತ್ತದೆ. ಹೆಚ್ಚೂಕಡಿಮೆ 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ 96ರ ಹತ್ತಿರವೇ ಕುದಿ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಡುವುದರಿಂದ ಕಾರಿನಲ್ಲಿ ಹೀಗಾಗುವುದಿಲ್ಲ, 0.9 ಬಾರ್ ಎಂದು ಬರೆದ ಗಟ್ಟಿ ಮುಚ್ಚಳವಿದ್ದರೆ ಬರೀ ನೀರು ಕೂಡ 110 ದಾಟುವವರೆಗೆ ಕುದಿಯದು. ಆದರೆ ಮುಚ್ಚಳದ ರಬ್ಬರ್ ಒಣಗಿ ಒತ್ತಡ ಸೋರುತ್ತಿದ್ದರೆ? ಬರೀ ನೀರು ತುಂಬಿದ ಗಾಡಿಯಲ್ಲಿ 96ಕ್ಕೇ ಕುದಿ, 97ರ ಸ್ವಿಚ್ ಇನ್ನೂ ಸುಮ್ಮನಿದೆ. ಬಯಲುಸೀಮೆಯಲ್ಲಿ ಹೇಗೋ ನಡೆದುಹೋಗುವ ಸವೆದ ಮುಚ್ಚಳ ಇಲ್ಲಿ ಸಿಕ್ಕಿಬೀಳುತ್ತದೆ. ಆದ್ದರಿಂದ ಸ್ವಿಚ್ ಕೊಳ್ಳುವ ದಿನವೇ ಮುಚ್ಚಳವನ್ನೂ, ಹಳೆಯದರ ಮೇಲೆ ಬರೆದ ಒತ್ತಡದ್ದನ್ನೇ, ಕೊಳ್ಳಿ.

ಬೇಕಾದ ಸಾಮಾನು

ಸ್ವಿಚ್ ಮತ್ತು ಅದರ ತಾಮ್ರದ ವಾಷರ್, ನಾಲ್ಕು ಕಾಲಿನ 12 ವೋಲ್ಟ್, 40 ಆಂಪಿಯರ್ ರಿಲೇ, ಅದರ ಸಾಕೆಟ್, ಮುಚ್ಚಳವಿರುವ ಫ್ಯೂಸ್ ಹೋಲ್ಡರ್, ಫ್ಯಾನಿಗೆ 2.5 ಚದರ ಮಿಲಿಮೀಟರ್ ವೈರ್, ದೊಡ್ಡ ಫ್ಯಾನಾದರೆ 4. ಸ್ವಿಚ್ಚಿನ ಕಡೆಗೆ 1 ಚದರ ಮಿಲಿಮೀಟರ್ ಸಾಕು. ವೈರ್ ಗಾಡಿಗಳಿಗೆಂದೇ ಬರುವ ಹಲವು ಎಳೆಗಳದ್ದಾಗಿರಲಿ. ಮನೆಯ ವೈರಿಂಗಿನಲ್ಲಿ ಮಿಕ್ಕ ಒಂದೇ ಎಳೆಯ ಗಟ್ಟಿ ವೈರ್ ತೋಟದ ರಸ್ತೆಯ ಅಲುಗಾಟಕ್ಕೆ ಒಳಗೊಳಗೇ ತುಂಡಾಗುತ್ತದೆ. ಜೊತೆಗೆ ಲಗ್‌ಗಳು, ಅಂದರೆ ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಬಾಯಿಗಳು, ಶಾಖಕ್ಕೆ ಕುಗ್ಗುವ ಸ್ಲೀವ್, ಮಲ್ಟಿಮೀಟರ್, 150 ಡಿಗ್ರಿವರೆಗೆ ತೋರಿಸುವ ಥರ್ಮಾಮೀಟರ್, ಹೊಸ ಕೂಲೆಂಟ್, ಅಂದರೆ ಎಂಜಿನ್ ತಣಿಸಲು ರೇಡಿಯೇಟರಿಗೆ ತುಂಬುವ ದ್ರವ.

ಹಳೆಯ ಸ್ವಿಚ್ಚನ್ನು ಬಿಚ್ಚಿ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಅಳತೆಯಲ್ಲಿ ಎರಡು ಭಾಗವಿದೆ: ಥ್ರೆಡ್ಡಿನ ವ್ಯಾಸ ಮತ್ತು ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕಿರುವ ದೂರ. ವ್ಯಾಸ ಕೂಡಿ ಪಿಚ್ ಬೇರೆಯಾದರೆ ಮೊದಲ ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಅಲ್ಲಿ ಬಲ ಹಾಕಿದರೆ ಕೆಡುವುದು ಸ್ವಿಚ್ಚಲ್ಲ, ರೇಡಿಯೇಟರ್.

ಕೆಲಸದ ಹಂತಗಳು

1. ಗಾಡಿ ತಣಿಯಲಿ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಕೈಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಬಿಸಿಯಿರುವಾಗ ಮುಚ್ಚಳ ತೆರೆದರೆ ಒಳಗಿನ ನೀರು ಮುಖಕ್ಕೇ ಚಿಮ್ಮುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿಡಿ.

2. ಹೊಸ ಸ್ವಿಚ್ಚನ್ನು ಮೊದಲು ಒಲೆಯ ಮೇಲೆ ಪರೀಕ್ಷಿಸಿ. ಪಾತ್ರೆಯ ನೀರಿನಲ್ಲಿ ಸ್ವಿಚ್ಚಿನ ಹಿತ್ತಾಳೆ ಭಾಗ ಮಾತ್ರ ಮುಳುಗುವಂತೆ, ತಳಕ್ಕೆ ತಾಗದಂತೆ ತೂಗುಬಿಡಿ. ಪಕ್ಕದಲ್ಲೇ ಥರ್ಮಾಮೀಟರ್. ಮಲ್ಟಿಮೀಟರನ್ನು ಬೀಪ್ ಸದ್ದಿನ ಸ್ಥಾನದಲ್ಲಿಟ್ಟು ಎರಡು ಟರ್ಮಿನಲ್ಲಿಗೆ ಜೋಡಿಸಿ. ಒಂದೇ ಟರ್ಮಿನಲ್ ಇದ್ದರೆ ಇನ್ನೊಂದು ತುದಿ ಸ್ವಿಚ್ಚಿನ ಮೈಗೆ. ನೀರು ನಿಧಾನವಾಗಿ ಕಾಯಲಿ. ಬರೆದ ಸಂಖ್ಯೆಗೆ ಎರಡು ಮೂರು ಡಿಗ್ರಿ ಆಚೀಚೆ ಬೀಪ್ ಬಂದರೆ, ಒಲೆ ಆರಿಸಿದ ಮೇಲೆ ನಿಂತರೆ, ಸ್ವಿಚ್ ಸರಿಯಿದೆ.

ಇಲ್ಲಿ ಮತ್ತೆ ಮಡಿಕೇರಿಯ ಎತ್ತರ ಅಡ್ಡ ಬರುತ್ತದೆ. ನೀರು 96ಕ್ಕೇ ಕುದಿದು ಅಲ್ಲೇ ನಿಲ್ಲುವುದರಿಂದ 98ರ ಸ್ವಿಚ್ ಎಷ್ಟು ಹೊತ್ತು ಕುದಿಸಿದರೂ ಬೀಪ್ ಕೊಡುವುದಿಲ್ಲ. ನಾನೇ ಒಮ್ಮೆ ಒಳ್ಳೆಯ ಸ್ವಿಚ್ಚನ್ನು ಕೆಟ್ಟಿದೆ ಎಂದು ಹಿಂದಿರುಗಿಸಿ, ಅಂಗಡಿಯವರೊಂದಿಗೆ ವಾದವನ್ನೂ ಮಾಡಿ ಬಂದಿದ್ದೆ. 95ಕ್ಕಿಂತ ಮೇಲಿನದನ್ನು ಚಿಕ್ಕ ಪಾತ್ರೆಯಲ್ಲಿ ಅಡುಗೆ ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಪರೀಕ್ಷಿಸಿ. ಸ್ವಿಚ್ಚಿನ ಮೇಲೆ ನೀರಿನ ಪಸೆ ಇರಬಾರದು, 105 ಡಿಗ್ರಿ ದಾಟಿಸಬಾರದು. ಎಣ್ಣೆಯ ಬದಲು ಕೂಲೆಂಟ್ ಕಾಯಿಸುವ ಯೋಚನೆ ಬೇಡ, ಅದು ವಿಷ.

3. ಕೂಲೆಂಟ್ ಇಳಿಸಿ. ರೇಡಿಯೇಟರಿನ ತಳದ ತಿರುಪು ಸಡಿಲಿಸಿ ಬಕೆಟ್ಟಿಗೆ ಹಿಡಿಯಿರಿ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿಗಳು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೈಕೊಟ್ಟು ಸಾಯುತ್ತವೆ. ಬಕೆಟ್ ಮುಚ್ಚಿಡಿ. ತೋಡಿಗೋ ಗದ್ದೆಗೋ ಸುರಿಯಬೇಡಿ.

4. ಸ್ವಿಚ್ ಕೂರಿಸಿ. ಮೊದಲೇ ಜಾಗವಿದ್ದರೆ ಹಳೆಯ ವಾಷರ್ ಪೂರ್ತಿ ತೆಗೆದು, ಮೈ ಒರೆಸಿ, ಹೊಸ ವಾಷರಿನೊಂದಿಗೆ ಕೈಯಲ್ಲೇ ತಿರುಗಿಸುತ್ತಾ ಹೋಗಿ. ಕೈಗೆ ಬಿಗಿಯಾದ ಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು ಸಾಕು. ಪ್ಲಾಸ್ಟಿಕ್ ಟ್ಯಾಂಕಾದರೆ ಇನ್ನೂ ಮೆಲ್ಲಗೆ.

ಜಾಗವೇ ಇಲ್ಲದಿದ್ದರೆ ರೇಡಿಯೇಟರ್ ಕೊರೆಯಲು ಹೋಗಬೇಡಿ. ಮೇಲಿನ ಹೋಸ್ ಪೈಪನ್ನು ಕತ್ತರಿಸಿ ನಡುವೆ ಸೇರಿಸುವ, ಸ್ವಿಚ್ಚಿಗೆಂದೇ ಥ್ರೆಡ್ ಇರುವ ಅಲ್ಯೂಮಿನಿಯಂ ಕೊಳವೆ ಸಿಗುತ್ತದೆ. ಹೋಸಿನ ಒಳವ್ಯಾಸಕ್ಕೆ ಸರಿಹೊಂದುವುದನ್ನು ಆರಿಸಿ. ಕತ್ತರಿಸುವ ಮುನ್ನ ಎರಡು ಸಲ ಅಳೆಯಿರಿ. ಗಿಡ್ಡವಾದ ಹೋಸನ್ನು ಎಳೆದು ಕೂರಿಸಿದರೆ ಎಂಜಿನ್ ಅಲುಗಿದಾಗ ಕಳಚಿಕೊಳ್ಳುತ್ತದೆ.

5. ರಿಲೇ ಜೋಡಿಸಿ. ರಿಲೇ ಎಂದರೆ ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಕಿ ಆರಿಸುವ ಪೆಟ್ಟಿಗೆ. ಫ್ಯಾನ್ ಎಳೆಯುವುದು ಹತ್ತು ಹದಿನೈದು ಆಂಪಿಯರ್, ಶುರುವಾಗುವ ಕ್ಷಣದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಅಷ್ಟನ್ನೂ ಸ್ವಿಚ್ಚಿನ ಮೂಲಕವೇ ಹರಿಸಿದರೆ ಒಳಗಿನ ಸಂಪರ್ಕ ಸುಟ್ಟು ಅಂಟಿಕೊಳ್ಳುತ್ತದೆ. ರಿಲೇ ಇದ್ದರೆ ಸ್ವಿಚ್ ಹೊರಬೇಕಾದ ಹೊರೆ ಕಾಲು ಆಂಪಿಯರಿಗೂ ಕಡಿಮೆ.

ರಿಲೇಯ ಕಾಲುಗಳಿಗೆ ಸಂಖ್ಯೆಗಳಿವೆ:
30 – ಬ್ಯಾಟರಿಯ ಪಾಸಿಟಿವ್‌ನಿಂದ, ಫ್ಯೂಸ್ ಮೂಲಕ
87 – ಫ್ಯಾನಿನ ಪಾಸಿಟಿವ್‌ಗೆ
86 – ಕೀ ತಿರುಗಿಸಿದಾಗ ವಿದ್ಯುತ್ ಬರುವ ವೈರಿನಿಂದ
85 – ಸ್ವಿಚ್ಚಿಗೆ, ಅಲ್ಲಿಂದ ಅರ್ತ್‌ಗೆ

ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ. ಅದು ಕಾಯುವುದು ತನ್ನ ಮುಂದಿನ ವೈರನ್ನು ಮಾತ್ರ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿಯೇ. ಫ್ಯಾನಿನ ಮೇಲೆ ಬರೆದ ಆಂಪಿಯರಿನ ಒಂದೂವರೆ ಪಟ್ಟು ಫ್ಯೂಸ್ ಸಾಕು. ಐದು ಕಾಲಿನ ರಿಲೇ ಕೊಟ್ಟರೆ ನಡುವಿನ 87ಎ ಕಾಲನ್ನು ಮುಟ್ಟಬೇಡಿ. ಅದು ಉಲ್ಟಾ ಕೆಲಸದ್ದು: ತಣ್ಣಗಿರುವಾಗ ಫ್ಯಾನ್ ಓಡಿಸಿ, ಬಿಸಿಯಾದಾಗ ನಿಲ್ಲಿಸುತ್ತದೆ! ರಿಲೇಯನ್ನು ಕಾಲುಗಳು ಕೆಳಮುಖವಾಗುವಂತೆ, ಬಾನೆಟ್ಟಿನಡಿ ನೀರು ಎರಚದ ಎತ್ತರದಲ್ಲಿ ಕೂರಿಸಿ.

86ಕ್ಕೆ ಬ್ಯಾಟರಿಯಿಂದ ನೇರವಾಗಿ ಕೊಟ್ಟರೆ ಗಾಡಿ ನಿಲ್ಲಿಸಿದ ಮೇಲೂ ಫ್ಯಾನ್ ಕೆಲಕಾಲ ಓಡಬಹುದು. ಕೆಲವರಿಗೆ ಅದು ಇಷ್ಟ. ಮುದಿ ಬ್ಯಾಟರಿಯ ಗಾಡಿಗೂ ಬಾನೆಟ್ ಎತ್ತಿ ಕೈಹಾಕುವ ಅಭ್ಯಾಸವಿರುವವರಿಗೂ ನಾನು ಬೇಡವೆನ್ನುತ್ತೇನೆ.

6. ಅರ್ತ್ ಗಟ್ಟಿ ಮಾಡಿ. ನನ್ನ ಅನುಭವದಲ್ಲಿ ಹೊಸ ಸ್ವಿಚ್ ಕೆಲಸ ಮಾಡದಿರಲು ಮೊದಲ ಕಾರಣ ಇದು. ಒಂದು ಟರ್ಮಿನಲ್ಲಿನ ಸ್ವಿಚ್ಚಿಗೆ ಸೋರದಿರಲೆಂದು ಟೆಫ್ಲಾನ್ ಟೇಪನ್ನು ದಪ್ಪವಾಗಿ ಸುತ್ತಿದರೆ ಅದರ ಮೈ ಲೋಹಕ್ಕೆ ತಾಗುವುದೇ ಇಲ್ಲ, ಅರ್ತ್ ಸಿಗುವುದೂ ಇಲ್ಲ. ಹೋಸಿನ ನಡುವಿನ ಅಲ್ಯೂಮಿನಿಯಂ ಕೊಳವೆಯಲ್ಲಿ ಹಾಕಿದ್ದರೆ ಎರಡೂ ಕಡೆ ರಬ್ಬರ್. ಆ ಕೊಳವೆಗೇ ಬೇರೆ ಅರ್ತ್ ವೈರ್ ಕೊಡಬೇಕು. ಪ್ಲಾಸ್ಟಿಕ್ ಟ್ಯಾಂಕಿನಲ್ಲಂತೂ ಒಂದು ಟರ್ಮಿನಲ್ಲಿನ ಸ್ವಿಚ್ ನಡೆಯುವುದೇ ಇಲ್ಲ. ಈ ರಗಳೆಯೇ ಬೇಡವೆಂದು ಎರಡು ಟರ್ಮಿನಲ್ಲಿನದನ್ನು ಹೇಳಿದ್ದು.

ಫ್ಯಾನ್ ಮತ್ತು ಸ್ವಿಚ್ಚಿನ ಅರ್ತ್ ವೈರುಗಳನ್ನು ಬಾಡಿಗೆ ಬೋಲ್ಟ್ ಮಾಡುವ ಜಾಗದಲ್ಲಿ ಬಣ್ಣ ಕೆರೆದು, ಲೋಹ ಹೊಳೆದ ಮೇಲೆ ಲಗ್ ಕೂರಿಸಿ ಬಿಗಿಯಿರಿ, ಮೇಲೆ ವ್ಯಾಸಲಿನ್ ಬಳಿಯಿರಿ. ವೈರುಗಳನ್ನು ಹೊಸೆದು ಕಪ್ಪು ಟೇಪ್ ಸುತ್ತುವುದು ನಮ್ಮಲ್ಲಿ ಒಂದು ಮಳೆಗಾಲಕ್ಕೂ ಬಾಳುವುದಿಲ್ಲ. ಲಗ್ ಒತ್ತಿ, ಸ್ಲೀವ್ ಕುಗ್ಗಿಸಿ.

7. ಕೂಲೆಂಟ್ ತುಂಬಿ, ಗಾಳಿ ತೆಗೆಯಿರಿ. ಬೆರೆಸಿ ಬಳಸುವ ಕೂಲೆಂಟಾದರೆ ಡಿಸ್ಟಿಲ್ಡ್ ನೀರೇ ಇರಲಿ. ಬೋರ್‌ವೆಲ್ ನೀರಿನ ಸುಣ್ಣ ಸ್ವಿಚ್ಚಿನ ಮೈಗೆ ಪದರ ಕಟ್ಟುತ್ತದೆ, ಬಿಸಿ ತಡವಾಗಿ ತಾಗುತ್ತದೆ. ಒಳಗೆ ಗಾಳಿಯ ಗುಳ್ಳೆ ಉಳಿದು ಸ್ವಿಚ್ ಅದರ ನಡುವೆ ಸಿಕ್ಕಿದರೆ ಎಂಜಿನ್ ಕುದಿಯುತ್ತಿದ್ದರೂ ಸ್ವಿಚ್ಚಿಗೆ ಗೊತ್ತಾಗುವುದಿಲ್ಲ. ಉದ್ದ ಪೈಪುಗಳ ಓಮ್ನಿಯಲ್ಲಿ ಈ ತೊಂದರೆ ಹೆಚ್ಚು. ಗಾಡಿಯ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ (ಕೊಡಗಿನಲ್ಲಿ ಅಂಥ ಜಾಗ ಹುಡುಕಬೇಕಿಲ್ಲ), ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಇದ್ದರೆ ಅದನ್ನು ಬಿಸಿಯ ತುದಿಗೆ ಇಡಿ. ಬ್ಯಾಟರಿ ಜೋಡಿಸಿ, ಮುಚ್ಚಳ ತೆರೆದಿಟ್ಟೇ ತಣ್ಣಗಿನ ಎಂಜಿನ್ ಚಾಲೂ ಮಾಡಿ. ಗುಳ್ಳೆ ಬರುತ್ತಾ ಮಟ್ಟ ಇಳಿದಂತೆಲ್ಲ ತುಂಬಿ, ಗುಳ್ಳೆ ನಿಂತ ಕೂಡಲೇ, ನೀರು ಬಿಸಿಯೇರಿ ಉಕ್ಕುವ ಮೊದಲೇ, ಮುಚ್ಚಳ ಹಾಕಿ.

8. ಓಡಿಸದೆ ನೋಡಿ. ನಿಂತಲ್ಲೇ ಎಂಜಿನ್ ಓಡುತ್ತಿರಲಿ. ಚಳಿಯ ಬೆಳಿಗ್ಗೆ ಅರ್ಧ ಗಂಟೆಯಾದರೂ ಫ್ಯಾನ್ ಹತ್ತದಿರಬಹುದು, ಅದು ದೋಷವಲ್ಲ. ರೇಡಿಯೇಟರಿನ ಮುಂದೆ ರಟ್ಟು ಅಡ್ಡ ಹಿಡಿಸಿ, ಬಿಸಿಯ ಮುಳ್ಳಿನ ಮೇಲೆ ಕಣ್ಣಿಡಿ. ಫ್ಯಾನ್ ಹತ್ತಿದ ಕೂಡಲೇ ರಟ್ಟು ತೆಗೆದು, ಆರುವವರೆಗೆ ಕಾಯಿರಿ. ಎರಡು ಮೂರು ಸಲ ಹತ್ತಿ ಆರಿದರೆ ಕೆಲಸ ಸರಿಯಾಗಿದೆ.

ಗಾಳಿಯ ದಿಕ್ಕನ್ನೂ ನೋಡಿ. ಎಂಜಿನ್ ಮತ್ತು ರೇಡಿಯೇಟರಿನ ನಡುವೆ ಫ್ಯಾನ್ ಇದ್ದರೆ ಗ್ರಿಲ್ಲಿನ ಮುಂದೆ ಹಿಡಿದ ಕಾಗದ ಒಳಕ್ಕೆ ಅಂಟಬೇಕು. ಹೊರಕ್ಕೆ ಹಾರಿದರೆ ಮೋಟಾರಿನ ವೈರ್ ಅದಲುಬದಲಾಗಿದೆ. ನಿಂತಾಗ ಹೇಗೋ ತಣಿಸುವ ಉಲ್ಟಾ ಫ್ಯಾನ್ ಓಡುವಾಗ ಎದುರುಗಾಳಿಯ ವಿರುದ್ಧ ಕುಸ್ತಿ ಮಾಡುತ್ತದೆ.

ಎಸಿ ಇರುವ ಕಾರಿನಲ್ಲಿ ಎಸಿ ಹಾಕಿದಾಗಲೂ ಫ್ಯಾನ್ ಓಡಬೇಕು. ಆ ಜೋಡಣೆ ಮೊದಲೇ ಇದ್ದರೆ ಕೈಹಾಕದೆ ಎಲೆಕ್ಟ್ರಿಷಿಯನ್ ಬಳಿ ಹೋಗಿ.

ನೋಡಿಕೊಳ್ಳುವುದು

ವರ್ಷಕ್ಕೆ ಎರಡು ಸಲ ಸಾಕು: ಮೇ ಕೊನೆಯಲ್ಲಿ ಮಳೆಗೆ ಮುನ್ನ, ಅಕ್ಟೋಬರಿನಲ್ಲಿ ಕೊಯ್ಲಿಗೆ ಮುನ್ನ. ಸ್ವಿಚ್ಚಿನ ಕನೆಕ್ಟರ್ ಕಳಚಿ ನೋಡಿ. ಹಸಿರು ಕಿಲುಬು ಕಂಡರೆ ಒರಟು ಬ್ರಷ್ಷಿನಿಂದ ಉಜ್ಜಿ ವ್ಯಾಸಲಿನ್ ಹಚ್ಚಿ. ರಿಲೇ ಎಳೆದು ಕಾಲುಗಳು ಕಪ್ಪಾಗಿವೆಯೇ, ಸಾಕೆಟ್ಟಿನ ಪ್ಲಾಸ್ಟಿಕ್ ಕರಗಿದೆಯೇ ನೋಡಿ. ಕರಗಿದ್ದರೆ ಸಡಿಲ ಸಂಪರ್ಕವೆಂದು ಅರ್ಥ, ರಿಲೇ ಮಾತ್ರ ಬದಲಿಸಿದರೆ ಹೊಸದೂ ಕರಗುತ್ತದೆ. ಕಾಫಿ ಗೋದಾಮಿನ ಪಕ್ಕ ನಿಲ್ಲುವ ಗಾಡಿಯಾದರೆ ವೈರುಗಳಿಗೆ ಇಲಿ ಬಾಯಿಟ್ಟಿರುತ್ತದೆ, ಉದ್ದಕ್ಕೂ ಬೆರಳಾಡಿಸಿ.

ತೋಟದ ರಸ್ತೆಯ ಕೆಂಪು ಕೆಸರು ರೇಡಿಯೇಟರಿನ ರೆಕ್ಕೆಗಳ ನಡುವೆ ಒಣಗಿ ಇಟ್ಟಿಗೆಯಾಗುತ್ತದೆ. ಗಾಳಿಯೇ ಹೋಗದ ರೇಡಿಯೇಟರಿಗೆ ಎಂಥ ಸ್ವಿಚ್ ಹಾಕಿ ಏನು ಫಲ? ಎಂಜಿನ್ ಕಡೆಯಿಂದ ಹೊರಮುಖವಾಗಿ, ಸಾಧಾರಣ ಒತ್ತಡದ ನೀರಿನಿಂದ ತೊಳೆಯಿರಿ. ವಾಟರ್ ಸರ್ವಿಸಿನವರ ಗನ್ನನ್ನು ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಕೂಲೆಂಟ್ ಬದಲಿಸುವ ಅವಧಿ ಅದರ ಡಬ್ಬಿಯ ಮೇಲಿರುತ್ತದೆ. ಸಾಮಾನ್ಯ ಹಸಿರು ಬಗೆಯದಾದರೆ ಎರಡು ವರ್ಷ.

ಮಳೆಗಾಲದಲ್ಲಿ ಭಾಗಮಂಡಲದ ಕಡೆ ರಸ್ತೆಯ ಮೇಲೆ ನೀರು ನಿಲ್ಲುವುದು ಹೊಸತಲ್ಲ. ಓಡುತ್ತಿರುವ ಫ್ಯಾನಿನ ರೆಕ್ಕೆ ನೀರಿಗೆ ಬಡಿದರೆ ಬಾಗಿ ರೇಡಿಯೇಟರನ್ನೇ ಸೀಳಬಹುದು. ಜೀಪಿನವರು 86ರ ವೈರಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಕಟ್ ಸ್ವಿಚ್ ಇಡಿಸಿಕೊಳ್ಳುವುದು ಇದಕ್ಕೇ. ನೀರು ದಾಟಿದ ಮೇಲೆ ಮತ್ತೆ ಹಾಕಲು ಮರೆತರೆ ಕಥೆ ಮುಗಿಯಿತು, ಆದ್ದರಿಂದ ಅದರ ಜೊತೆ ಒಂದು ಕೆಂಪು ದೀಪವನ್ನೂ ಇಡಿಸಿ.

ಘಟ್ಟದ ನಡುವೆ ಫ್ಯಾನ್ ಕೈಕೊಟ್ಟರೆ

ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿಡಿ. ಸೆಖೆಯಾದರೂ ತಡೆದುಕೊಳ್ಳಿ; ಅದೂ ಒಂದು ಪುಟ್ಟ ರೇಡಿಯೇಟರ್. ತಿರುವಿನಲ್ಲಿ ಅಲ್ಲ, ಹಿಂದಿನವರಿಗೆ ಕಾಣುವ ಅಗಲ ಜಾಗದಲ್ಲಿ ನಿಲ್ಲಿಸಿ. ಮುಳ್ಳು ಕೆಂಪು ಮುಟ್ಟಿದ್ದರೆ ಎಂಜಿನ್ ಆರಿಸಿ, ಅರ್ಧ ಗಂಟೆ ಮುಚ್ಚಳದ ತಂಟೆಗೆ ಹೋಗಬೇಡಿ. ತಣ್ಣೀರನ್ನು ಎಂಜಿನ್ ಮೇಲೆ ಸುರಿಯಬೇಡಿ, ಹೆಡ್ ಬಿರುಕು ಬಿಡುತ್ತದೆ.

ತಣಿದ ಮೇಲೆ ಈ ಪರೀಕ್ಷೆ: ಸ್ವಿಚ್ಚಿನ ಕನೆಕ್ಟರ್ ಕಳಚಿ, ಅದರ ಎರಡು ವೈರುಗಳನ್ನು ತುಂಡು ವೈರಿನಿಂದ ಕೂಡಿಸಿ, ಒಂದೇ ವೈರಾದರೆ ಬಾಡಿಗೆ ತಾಗಿಸಿ. ಬೆರಳನ್ನು ಫ್ಯಾನಿನಿಂದ ದೂರವಿಟ್ಟು ಕೀ ತಿರುಗಿಸಿ. ಫ್ಯಾನ್ ಓಡಿದರೆ ಕೆಟ್ಟಿರುವುದು ಸ್ವಿಚ್, ಇಲ್ಲವೇ ಗಾಳಿ ಸೇರಿದೆ. ಓಡದಿದ್ದರೆ ಫ್ಯೂಸ್, ರಿಲೇ, ಅರ್ತ್, ಮೋಟಾರ್ ಎಂಬ ಕ್ರಮದಲ್ಲಿ ಹುಡುಕಿ. ಇಸಿಯು ಇರುವ ಕಾರಿನ ಸೆನ್ಸರ್ ವೈರುಗಳ ಮೇಲೆ ಈ ಪ್ರಯೋಗ ಬೇಡ.

ಓಡಿಸಿದ ಫ್ಯಾನನ್ನು ಹಾಗೆಯೇ ಬಿಟ್ಟು, ಕೂಲೆಂಟ್ ಮಟ್ಟ ನೋಡಿಕೊಂಡು ಮನೆ ಸೇರಬಹುದು. ಆ ತುಂಡು ವೈರನ್ನು ಮಾರನೆಯ ದಿನವೇ ತೆಗೆಯಿರಿ. ಸ್ವಿಚ್ಚಿನ ತಲೆಯ ಮೇಲಿನ ಸಂಖ್ಯೆಯನ್ನು ಇಂದೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟಿರಿ. ಕುಶಾಲನಗರವಾಗಲಿ ಮೈಸೂರಾಗಲಿ, ಅಂಗಡಿಯವರು ಮೊದಲು ಕೇಳುವುದು ಅದನ್ನೇ.